ಡೇವಿಸ್ ಹೋದ್ಮೇಲೆ ಡಾಲಸ್ ಮ್ಯಾವರಿಕ್ಸ್: ಟಿಕೆಟ್‌ಗೆ ದುಡ್ಡು ಹಾಕ್ಬಹುದಾ?

ಮೊದ್ಲೇ ಹೇಳ್ಬಿಡ್ತೀನಿ. ಎನ್‌ಬಿಎಲಿ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ಆಡೋ ನಮ್ಮ ಡಾಲಸ್ ಮ್ಯಾವರಿಕ್ಸ್ (ಮ್ಯಾವ್ಸ್) ತಂಡದ ಹೊಸ ಹುಡುಗ ಕೂಪರ್ ಫ್ಲ್ಯಾಗ್ ಆಡೋ ಮ್ಯಾಚ್‌ಗೆ ಮೇಲ್ಗಡೆ ಸೀಟು ಕಮ್ಮಿ ರೇಟಿಗೆ ಸಿಕ್ರೆ ಹಿಂದೆ ಮುಂದೆ ನೋಡ್ದೆ ತಗೊಳ್ಳಿ. ಆದ್ರೆ ಮುಂದಿನ ವರ್ಷದ ಸೀಸನ್ ಟಿಕೆಟ್ ಅಂತ ಯಾರಾದ್ರೂ ಫೋನ್ ಮಾಡಿದ್ರೆ "ಮೇ ತಿಂಗಳಲ್ಲಿ ಮಾತಾಡೋಣ" ಅಂತ ಹೇಳಿ ಇಟ್ಬಿಡಿ, ಯಾಕೆ ಅಂತ ಕೆಳಗೆ ಬರೀತೀನಿ. ಡಾಲಸ್ ಸುತ್ತಮುತ್ತ ಅರ್ವಿಂಗ್, ಪ್ಲೇನೋ, ಫ್ರಿಸ್ಕೋ ಕಡೆ ಇರೋ ನಮ್ಮ ಕನ್ನಡದವ್ರು ಸುಮಾರು ಜನ ಕೇಳ್ತಾನೇ ಇದಾರೆ, ಮಕ್ಕಳು ಬೇರೆ ಹಠ ಮಾಡ್ತಿದಾವೆ, ಈ ತಂಡ ಈಗ ನೋಡೋ ಥರ ಇದೆಯಾ ಇಲ್ವಾ ಅಂತ. ನೋಡೋ ಥರ ಇದೆ, ಗೆಲ್ಲೋ ಥರ ಇಲ್ಲ. ಈ ಎರಡನ್ನೂ ಒಂದೇ ರೇಟಿಗೆ ಮಾರೋಕೆ ಬರ್ತಾರೆ ನೋಡಿ, ಅದಕ್ಕೇ ಇಷ್ಟುದ್ದ ಬರೀತಿರೋದು.

ಕಥೆ ಗೊತ್ತಿಲ್ದೋರಿಗೆ ಬೇಗ ಹೇಳ್ತೀನಿ. 2024ರ ಜೂನ್‌ನಲ್ಲಿ ಈ ತಂಡ ಫೈನಲ್ಸ್ ಆಡಿತ್ತು, ಬಾಸ್ಟನ್ ಹತ್ರ 4-1 ಸೋತ್ರೂ ತಂಡದ ದೊಡ್ಡ ಸ್ಟಾರ್ ಲೂಕಾ ಡಾನ್ಚಿಚ್ ಇದ್ದ, ಇನ್ನೂ 25 ವರ್ಷ, ಇನ್ನು ಹತ್ತು ವರ್ಷ ಚಿಂತೆ ಇಲ್ಲ ಅಂದ್ಕೊಂಡಿದ್ವಿ. ಎಂಟು ತಿಂಗಳು ಆಗಿಲ್ಲ, 2025ರ ಫೆಬ್ರವರಿ ಶುರುವಲ್ಲಿ ಒಂದು ಶನಿವಾರ ರಾತ್ರಿ ಎಲ್ಲರೂ ಮಲಗೋ ಹೊತ್ತಿಗೆ ಅವನನ್ನ ಲೇಕರ್ಸ್‌ಗೆ ಕೊಟ್ಬಿಟ್ರು, ಬದಲಿಗೆ 31 ದಾಟಿದ್ದ ಆಂಥನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ, 2029ರ ಡ್ರಾಫ್ಟಲ್ಲಿ (ಹೊಸ ಆಟಗಾರರನ್ನ ತಂಡಗಳು ಸರದಿ ಪ್ರಕಾರ ಆರಿಸ್ಕೊಳ್ಳೋದು) ಒಂದು ಫಸ್ಟ್ ರೌಂಡ್ ಪಿಕ್, ಅಂದ್ರೆ ಮೊದಲ ಸುತ್ತಲ್ಲಿ ಆರಿಸೋ ಹಕ್ಕು. ಒಂದೇ ಒಂದು. ಬೇರೆ ಯಾವ ತಂಡಕ್ಕೂ ಕೇಳೋಕೂ ಬಿಡ್ಲಿಲ್ಲ. ಜನರಲ್ ಮ್ಯಾನೇಜರ್ ನಿಕೋ ಹ್ಯಾರಿಸನ್ ಡಿಫೆನ್ಸ್ ಇದ್ರೇನೇ ಕಪ್ ಬರೋದು ಅಂತ ಸಮಜಾಯಿಷಿ ಕೊಟ್ರು. ಜನ ಅರೀನಾ ಮುಂದೆ ತಂಡದ ಹಳೇ ದಿಗ್ಗಜ ಡರ್ಕ್ ನೊವಿಟ್ಸ್ಕಿ ಪ್ರತಿಮೆ ಹತ್ರ ಶವಪೆಟ್ಟಿಗೆ ತಂದಿಟ್ಟು ಪ್ರತಿಭಟನೆ ಮಾಡಿದ್ರು. ಡೇವಿಸ್ ಮೊದಲ ಮ್ಯಾಚಲ್ಲೇ 26 ಪಾಯಿಂಟ್ 16 ರೀಬೌಂಡ್ ಹೊಡೆದ, ಆಹಾ ಅನ್ನೋಷ್ಟ್ರಲ್ಲಿ ಅದೇ ಮ್ಯಾಚಲ್ಲಿ ಗಾಯ ಮಾಡ್ಕೊಂಡು ಒಳಗೆ ಹೋದ. ಮಾರ್ಚ್ 3ಕ್ಕೆ ತಂಡದ ಇನ್ನೊಬ್ಬ ಸ್ಟಾರ್ ಕೈರಿ ಅರ್ವಿಂಗ್ ಮೊಣಕಾಲಿನ ಎಸಿಎಲ್ ಅನ್ನೋ ಅಸ್ಥಿರಜ್ಜು ಹರೀತು. ಏಪ್ರಿಲ್‌ನಲ್ಲಿ ಲೂಕಾ ಲೇಕರ್ಸ್ ಜೆರ್ಸಿಲಿ ಡಾಲಸ್‌ಗೆ ಬಂದು 45 ಪಾಯಿಂಟ್ ಹೊಡೆದು ಹೋದ, ನಮ್ಮ ಅರೀನಾದಲ್ಲಿ ನಮ್ಮ ಜನಾನೇ ಎದ್ದು ನಿಂತು ಚಪ್ಪಾಳೆ. ಇಷ್ಟೆಲ್ಲಾ ಆಗ್ತಿದ್ದ ಟೈಮಲ್ಲೇ ಸೀಸನ್ ಟಿಕೆಟ್ ರೇಟನ್ನ ಸರಾಸರಿ ಶೇಕಡಾ 8.6ರಷ್ಟು ಏರಿಸಿದ್ರು, ಗಾಯದ ಮೇಲೆ ಬರೆ ಅನ್ನೋದು ಇದಕ್ಕೇ.

ಆಮೇಲೆ ದೇವರೇ ಬಂದು ಕೈ ಹಿಡಿದ ಅನ್ನಿ. 39 ಗೆಲುವು 43 ಸೋಲಿಗೆ ಮುಗಿಸಿ, ಪ್ಲೇ-ಇನ್‌ನಲ್ಲಿ (ಪ್ಲೇಆಫ್‌ನ ಕೊನೇ ಜಾಗಗಳಿಗೆ ನಡೆಯೋ ಮ್ಯಾಚ್‌ಗಳು) ಮೆಂಫಿಸ್ ಹತ್ರ ಸೋತ ತಂಡಕ್ಕೆ ಡ್ರಾಫ್ಟ್ ಲಾಟರಿಲಿ (ಮೊದಲು ಆರಿಸೋದ್ಯಾರು ಅಂತ ಚೀಟಿ ಎತ್ತೋದು, ಜಾಸ್ತಿ ಸೋತೋರಿಗೆ ಜಾಸ್ತಿ ಚಾನ್ಸ್) ಮೊದಲ ಪಿಕ್ ಬರೋ ಚಾನ್ಸ್ ಇದ್ದಿದ್ದು ಬರೀ 1.8 ಶೇಕಡಾ. ಬಂದೇ ಬಿಡ್ತು! ಡ್ಯೂಕ್ ಯೂನಿವರ್ಸಿಟಿಯಿಂದ 18 ವರ್ಷದ ಕೂಪರ್ ಫ್ಲ್ಯಾಗ್ ಬಂದ. ಮೋಸ ನಡೆದಿದೆ ಅಂತ ಬೇರೆ ಊರಿನ ಫ್ಯಾನ್ಸ್ ಇವತ್ತಿಗೂ ಕೂಗ್ತಾರೆ, ಕೂಗ್ಲಿ ಬಿಡಿ.

ಈ ಸೀಸನ್ (2025-26) ಶುರುವಲ್ಲಿ ಮತ್ತೆ ಎಡವಟ್ಟು. ಕೈರಿ ಇಲ್ಲ, ಬಾಲ್ ಹಿಡಿದು ಆಟ ನಡೆಸೋ ಸರಿಯಾದ ಪಾಯಿಂಟ್ ಗಾರ್ಡ್ ಇಲ್ಲ, ಡಿ'ಆಂಜೆಲೊ ರಸೆಲ್‌ನ ತಂದಿದ್ರು ಆದ್ರೆ ಕೋಚ್ ಜೇಸನ್ ಕಿಡ್ ಆರಡಿ ಒಂಬತ್ತಿಂಚಿನ ಹೊಸ ಹುಡುಗ ಫ್ಲ್ಯಾಗ್ ಕೈಗೇ ಬಾಲ್ ಕೊಟ್ಟು ಪಾಯಿಂಟ್ ಆಡು ಅಂದ್ರು. ಮೊದಲ ಮ್ಯಾಚಲ್ಲೇ ಸ್ಯಾನ್ ಆಂಟೋನಿಯೋ ಸ್ಪರ್ಸ್ 125-92ಕ್ಕೆ ಬಡಿದು ಹಾಕ್ತು, ಅವರ ವೆಂಬನ್ಯಾಮ ಒಬ್ಬನೇ 40 ಪಾಯಿಂಟ್. ಹನ್ನೊಂದು ಮ್ಯಾಚಿಗೆ ಮೂರೇ ಗೆಲುವು, ಸ್ಟ್ಯಾಂಡಲ್ಲಿ "ಫೈರ್ ನಿಕೋ" ಅನ್ನೋ ಕೂಗು ನಿಲ್ಲಲೇ ಇಲ್ಲ, ನವೆಂಬರ್ 11ಕ್ಕೆ ಹ್ಯಾರಿಸನ್‌ನ ಕಳಿಸಿದ್ರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕ್ದಂಗೆ ಆಯ್ತು, ಆದ್ರೂ ಹಾಕಿದ್ರಲ್ಲ. ಡಿಸೆಂಬರ್‌ನಲ್ಲಿ ಡೆರೆಕ್ ಲೈವ್ಲಿ ಪಾದದ ಆಪರೇಷನ್ ಆಗಿ ಸೀಸನ್‌ನಿಂದಲೇ ಔಟ್. ಜನವರಿಲಿ ಡೇವಿಸ್ ಕೈಗೆ ಪೆಟ್ಟು. ಈ ತಂಡದ ಫಿಸಿಯೋ ರೂಮಿಗೆ ಟಿಕೆಟ್ ಇಟ್ಟಿದ್ರೆ ಅದೇ ಹೌಸ್‌ಫುಲ್ ಆಗ್ತಿತ್ತು.

ಈಗ ಅಸಲಿ ವಿಷ್ಯ, 2026ರ ಫೆಬ್ರವರಿ ಟ್ರೇಡ್. ಡೇವಿಸ್‌ನ ವಾಷಿಂಗ್ಟನ್ ವಿಜ಼ರ್ಡ್ಸ್‌ಗೆ ಕೊಟ್ರು, ಜೊತೆಗೆ ರಸೆಲ್, ಜೇಡನ್ ಹಾರ್ಡಿ, ಡಾಂಟೆ ಎಕ್ಸಮ್. ಬಂದಿದ್ದು ಕ್ರಿಸ್ ಮಿಡಲ್ಟನ್, ಮಾರ್ವಿನ್ ಬ್ಯಾಗ್ಲಿ, ಇನ್ನೊಂದಿಬ್ರು ಹುಡುಗ್ರು, ಎರಡು ಫಸ್ಟ್ ರೌಂಡ್ ಪಿಕ್, ಮೂರು ಸೆಕೆಂಡ್ ರೌಂಡ್ ಪಿಕ್. ಪೇಪರ್ ಮೇಲೆ ನೋಡಿದ್ರೆ ಹೊಟ್ಟೆ ಉರಿಯುತ್ತೆ, ಲೂಕಾನ ಕೊಟ್ಟು ಡೇವಿಸ್‌ನ ತಂದು, ಆ ಡೇವಿಸ್‌ನ ಕೊಟ್ಟು ಇಷ್ಟೇನಾ ಅಂತ. ನನ್ನ ಫ್ರೆಂಡ್ಸ್ ವಾಟ್ಸಾಪ್ ಗ್ರೂಪಲ್ಲಿ ಎರಡು ದಿನ ಬರೀ ಇದೇ ಬೈಗುಳ. ನಾನು ಮಾತ್ರ ಇದು ಒಳ್ಳೇ ಟ್ರೇಡ್ ಅಂತೀನಿ, ಬೈಕೊಳ್ಳಿ. ಡೇವಿಸ್‌ಗೆ 2026-27ರ ಸೀಸನ್‌ಗೆ 58 ಮಿಲಿಯನ್ ಡಾಲರ್‌ಗೂ ಮೇಲೆ ಕೊಡ್ಬೇಕು, ಅದರ ಮುಂದಿನ ವರ್ಷ 62ಕ್ಕೂ ಮೇಲೆ, ವಯಸ್ಸು 33 ಆಗ್ತಾ ಬಂತು, ಡಾಲಸಲ್ಲಿ ಅವನು ಆಡಿರೋ ಮ್ಯಾಚಿಗಿಂತ ಕೋಟು ಹಾಕ್ಕೊಂಡು ಬೆಂಚಲ್ಲಿ ಕೂತಿದ್ದೇ ಜಾಸ್ತಿ. ಫ್ಲ್ಯಾಗ್‌ಗೆ 19. ಇವರಿಬ್ಬರ ಒಳ್ಳೇ ಕಾಲ ಒಟ್ಟಿಗೆ ಬರೋ ಚಾನ್ಸೇ ಇಲ್ಲ. ಮಿಡಲ್ಟನ್ 2021ರಲ್ಲಿ ಮಿಲ್ವಾಕೀ ಜೊತೆ ಕಪ್ ಗೆದ್ದವ್ನು, ಗೌರವ ಇದೆ, ಆದ್ರೆ ಅವನನ್ನ ತಂದಿದ್ದು ಆಟಕ್ಕಲ್ಲ, ಈ ಸೀಸನ್‌ಗೆ ಕಾಂಟ್ರಾಕ್ಟ್ ಮುಗಿದು ಆ ಸಂಬಳದ ಭಾರ ಇಳಿಯುತ್ತೆ ಅಂತ. ಬ್ಯಾಗ್ಲಿ ಬಗ್ಗೆ ಒಂದು ತಮಾಷೆ, 2018ರ ಡ್ರಾಫ್ಟಲ್ಲಿ ಸ್ಯಾಕ್ರಮೆಂಟೋ ಲೂಕಾನ ಬಿಟ್ಟು ಎರಡನೇ ಪಿಕ್‌ಗೆ ಆರಿಸ್ಕೊಂಡಿದ್ದು ಇದೇ ಬ್ಯಾಗ್ಲಿನ. ಸುತ್ತಿ ಬಳಸಿ ಲೂಕಾ ಜಾಗಕ್ಕೆ ಅವನೇ ಬಂದ, ವಿಧಿ ನೋಡಿ.

ಆದ್ರೆ ಪಿಕ್ ಲೆಕ್ಕ ಯಾರೂ ಸರಿಯಾಗಿ ಹೇಳ್ತಿಲ್ಲ, ಟಿಕೆಟ್ ತಗೊಳ್ಳೋರು ಇದನ್ನ ತಿಳ್ಕೊಳ್ಳಲೇಬೇಕು. 2026ರ ಸ್ವಂತ ಪಿಕ್ ಮ್ಯಾವ್ಸ್ ಕೈಲಿದೆ. 2027ರದ್ದು ಪಿ.ಜೆ. ವಾಷಿಂಗ್ಟನ್ ಅನ್ನೋ ಆಟಗಾರನ್ನ ತರೋವಾಗ ಶಾರ್ಲೆಟ್‌ಗೆ ಕೊಟ್ಟಾಗಿದೆ, ಮೊದಲ ಎರಡರಲ್ಲಿ ಬಿದ್ರೆ ಮಾತ್ರ ಉಳಿಯುತ್ತೆ. 2028ರದ್ದನ್ನ ಬೇಕಾದ್ರೆ ಒಕ್ಲಹೋಮ ಸಿಟಿ ತನ್ನ ಪಿಕ್ ಜೊತೆ ಅದಲು ಬದಲು ಮಾಡ್ಕೊಬಹುದು. 2029ರದ್ದು ಕೈರಿ ಟ್ರೇಡಲ್ಲಿ ಬ್ರೂಕ್ಲಿನ್‌ಗೆ ಹೋಯ್ತು. 2030ರಲ್ಲಿ ಅದಲು ಬದಲಿನ ಹಕ್ಕು ಸ್ಯಾನ್ ಆಂಟೋನಿಯೋದು. ಅಂದ್ರೆ ಸೋತು ಲಾಭ ಮಾಡ್ಕೊಳ್ಳೋಕೆ ಇರೋದು ಇದೊಂದೇ ವರ್ಷ, ಆಮೇಲೆ 2030ರ ತನಕ ಎಷ್ಟು ಸೋತ್ರೂ ಫಲ ಬೇರೆಯವ್ರ ಮನೆಗೆ. ಅದ್ರ ಮೇಲೆ ಈ ವರ್ಷದ ಡ್ರಾಫ್ಟ್ ಸಖತ್ ಇದೆ ಅಂತಾರೆ, ಕಾಲೇಜು ಹುಡುಗ್ರಾದ ಕ್ಯಾನ್ಸಸ್‌ನ ಡ್ಯಾರಿನ್ ಪೀಟರ್ಸನ್, ಬಿವೈಯುನ ಎ.ಜೆ. ಡಿಬಾಂಟ್ಸ, ಡ್ಯೂಕ್‌ನ ಕ್ಯಾಮರಾನ್ ಬೂಜ಼ರ್. ಮೂವರಲ್ಲಿ ಯಾರು ಬಂದ್ರೂ ಫ್ಲ್ಯಾಗ್ ಪಕ್ಕ ನಿಲ್ಲಿಸಿ ಹತ್ತು ವರ್ಷ ನೋಡ್ಬಹುದು. ಹಾಗಾಗಿ ಈಗ ಸೋಲ್ತಿರೋದು ಸರಿಯಾದ ದಾರಿನೇ, ಅದರಲ್ಲಿ ನಂಗೆ ತಕರಾರಿಲ್ಲ. ನನ್ನ ತಕರಾರು ಇಷ್ಟೇ, ಸೋಲೋಕೆ ಅಂತಾನೇ ಆಡ್ತಿರೋ ತಂಡಕ್ಕೆ ನಾವು ಫೈನಲ್ಸ್ ಆಡೋ ತಂಡದ ರೇಟ್ ಕೊಡ್ಬಾರ್ದು. ಲಾಟರಿ ನಡೆಯೋದು ಮೇ ತಿಂಗಳಲ್ಲಿ. ಅದಾದ್ಮೇಲೆ ನಿಮ್ಮ ದುಡ್ಡು ಎಲ್ಲಿ ಹಾಕ್ಬೇಕು ಅಂತ ನಿಮಗೇ ಗೊತ್ತಾಗುತ್ತೆ.

ಈಗ ಫ್ಲ್ಯಾಗ್. ಟೀವಿಲಿ ನೋಡಿದ್ರೆ ಇವನ ಆಟ ಅರ್ಧ ಮಾತ್ರ ಕಾಣ್ಸುತ್ತೆ, ಕ್ಯಾಮೆರಾ ಬಾಲ್ ಹಿಂದೆ ಓಡುತ್ತೆ, ಇವನು ಬಾಲ್ ಇಲ್ದಾಗ ಏನ್ ಮಾಡ್ತಾನೆ ಅನ್ನೋದು ಸ್ಟ್ಯಾಂಡಿಂದನೇ ನೋಡ್ಬೇಕು. ಆ ಕಡೆ ಕಾರ್ನರಲ್ಲಿ ಶೂಟರ್‌ನ ಕಾಯ್ತಾ ನಿಂತಿರ್ತಾನೆ, ಈ ಕಡೆ ಯಾರೋ ಒಳಗೆ ನುಗ್ಗಿದ್ರೆ ಎರಡು ಹೆಜ್ಜೆಲಿ ಬಂದು ಬ್ಲಾಕ್, ಬಾಲ್ ಬಿದ್ದಿದ್ದು ತಾನೇ ಎತ್ಕೊಂಡು ತಾನೇ ಓಡಿಸ್ಕೊಂಡು ಹೋಗಿ ಆ ಕಡೆ ಹಾಕ್ತಾನೆ, ಇದೆಲ್ಲಾ ಒಂದೇ ಉಸಿರಲ್ಲಿ. ಡಿಸೆಂಬರ್‌ನಲ್ಲಿ ಯೂಟಾ ಮೇಲೆ 42, ಜನವರಿ ಕೊನೇಲಿ ಶಾರ್ಲೆಟ್ ಮೇಲೆ 49, ಇಪ್ಪತ್ತು ತುಂಬದ ಹುಡುಗರಲ್ಲಿ ಅಷ್ಟು ಯಾರೂ ಹೊಡೆದಿರ್ಲಿಲ್ಲ. ಆ ಶಾರ್ಲೆಟ್ ಮ್ಯಾಚಲ್ಲಿ ಎದುರಿಗಿದ್ದವ್ನು ಡ್ಯೂಕಲ್ಲಿ ಇವನ ರೂಮ್‌ಮೇಟ್ ಕಾನ್ ಕ್ನಿಪಲ್, ಅವನೂ 34 ಹೊಡೆದ, ಗೆದ್ದಿದ್ದೂ ಅವರೇ. 49 ಹೊಡೆದೂ ಸೋಲು. ಈ ವರ್ಷದ ಮ್ಯಾವ್ಸ್ ಹೆಂಗಿದೆ ಅಂತ ಯಾರಾದ್ರೂ ಕೇಳಿದ್ರೆ ಆ ಒಂದು ಸ್ಕೋರ್‌ಕಾರ್ಡ್ ತೋರಿಸಿ ಸಾಕು. ಕೊರತೆ ಇಲ್ವಾ ಅಂದ್ರೆ ಇದೆ, ದೂರದಿಂದ ಹೊಡೆಯೋ ತ್ರೀ (ಮೂರು ಪಾಯಿಂಟ್ ಶಾಟ್) ಇನ್ನೂ ನಂಬೋ ಹಾಗಿಲ್ಲ, ಸುಸ್ತಾದಾಗ ಶಾಟ್ ಮೊಟಕಾಗುತ್ತೆ. 19ಕ್ಕೆ ಇಷ್ಟು ಬಂದಿದೆ ಅಂದ್ರೆ ಅದೂ ಬರುತ್ತೆ.

ಉಳಿದೋರು. ಕ್ರಿಸ್ಟಿ ಲೂಕಾ ಟ್ರೇಡಲ್ಲಿ ಕೊಸರಿಗೆ ಬಂದ ಹುಡುಗ, ಈಗ ನೋಡಿದ್ರೆ ಆ ಟ್ರೇಡಲ್ಲಿ ಬಂದ ಆಟಗಾರರಲ್ಲಿ ಡಾಲಸಲ್ಲಿ ಉಳಿದಿರೋದೇ ಅವನೊಬ್ಬ, ತ್ರೀ ಚೆನ್ನಾಗಿ ಬೀಳ್ತಿದೆ. ನಾಜಿ ಮಾರ್ಷಲ್ ಯಾವ ಮ್ಯಾಚಲ್ಲೂ ಮೈಗಳ್ಳತನ ಮಾಡಲ್ಲ, ಅವನನ್ನ ನೋಡೋಕೆ ಖುಷಿ. ಡ್ರಾಫ್ಟಲ್ಲಿ ಯಾರೂ ಆರಿಸದ ರಯಾನ್ ನೆಂಬಾರ್ಡ್ ಚಿಕ್ಕ ಆಳು, ಬಾಲ್ ಮಾತ್ರ ಕಾಪಾಡ್ತಾನೆ, ಅವನು ಕೋರ್ಟಲ್ಲಿದ್ರೆ ಫ್ಲ್ಯಾಗ್‌ಗೆ ಅರ್ಧ ಭಾರ ಇಳಿಯುತ್ತೆ. ಕ್ಲೇ ಥಾಂಪ್ಸನ್‌ಗೆ ವಯಸ್ಸಾಗಿದೆ, ಕೆಲವು ರಾತ್ರಿ ಹಳೇ ಕ್ಲೇ ಬರ್ತಾನೆ, ಬಂದಾಗ ಇಡೀ ಅರೀನಾ ಎದ್ದು ನಿಲ್ಲುತ್ತೆ, ಬರದ ರಾತ್ರಿಗಳೇ ಜಾಸ್ತಿ. ಗ್ಯಾಫರ್ಡ್, ಪಿ.ಜೆ. ಇಬ್ಬರೂ ಗಟ್ಟಿ ಆಟಗಾರರು ಆದ್ರೆ ಇವರನ್ನ ನೋಡೋಕೆ ಅಂತ ಯಾರೂ ಟಿಕೆಟ್ ತಗೊಳ್ಳಲ್ಲ.

ಮುಂದಿನ ವರ್ಷ ಕಪ್ಪಾ? ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸ್ಬೇಡಿ. ಕೈರಿ ವಾಪಸ್ ಬರ್ತಾನೆ ಅಂತಿಟ್ಕೊಳ್ಳಿ, ಆಗ 34, ಎಸಿಎಲ್ ಆದ ಕಾಲು, ಆದ್ರೂ ಕೈರಿ ಕೈರಿನೇ, ಕೊನೇ ಎರಡು ನಿಮಿಷ ಬಾಲ್ ಯಾರ ಕೈಲಿರ್ಬೇಕು ಅನ್ನೋ ಪ್ರಶ್ನೆಗೆ ಉತ್ತರ ಸಿಗುತ್ತೆ. ಲೈವ್ಲಿ ಪಾದ ಸರಿಹೋಗ್ಬೇಕು, ಹೊಸ ಪಿಕ್ ಬರ್ಬೇಕು, ಇಷ್ಟೆಲ್ಲಾ ಕೂಡಿ ಬಂದ್ರೆ ಪ್ಲೇ-ಇನ್, ಅದೃಷ್ಟ ಇದ್ರೆ ಆರನೇ ಸ್ಥಾನ. ಯಾಕಂದ್ರೆ ನಾವಿರೋ ವೆಸ್ಟ್ ಗುಂಪಲ್ಲಿ ಒಕ್ಲಹೋಮ ಇದೆ, ವೆಂಬನ್ಯಾಮ ಇದಾನೆ, ಹ್ಯೂಸ್ಟನ್‌ನಲ್ಲಿ ಡುರಾಂಟ್ ಇದಾನೆ, ಮೂರೂ ಇಲ್ಲಿಂದ ಕಾರಲ್ಲಿ ಹೋಗೋ ದೂರದಲ್ಲೇ ಕೂತಿವೆ. ನನ್ನ ಪ್ರಕಾರ ಗಂಭೀರವಾಗಿ ಕಪ್ ಮಾತಾಡೋದು 2028ರಿಂದ. ಹದಿನೆಂಟು ಸೀಸನ್ ಆರ್‌ಸಿಬಿಗೆ ಕಾದ ಜನ ನಾವು, ಎರಡು ವರ್ಷ ಯಾವ ಲೆಕ್ಕ, ಆದ್ರೆ ಆರ್‌ಸಿಬಿನ ಕಾಯುವಾಗ ಮನೇಲಿ ಕೂತು ಟೀವಿಲಿ ಕಾದ್ವಿ ಸ್ವಾಮಿ, ಸೀಟಿಗೆ ನೂರಾರು ಡಾಲರ್ ಕೊಟ್ಟು ಅಲ್ಲ.

ಟೀವಿ ಅಂದ ತಕ್ಷಣ ನೆನಪಾಯ್ತು, ಸುಮಾರು ಜನಕ್ಕೆ ಇದು ಗೊತ್ತೇ ಇಲ್ಲ: ಮ್ಯಾವ್ಸ್‌ನ ಲೋಕಲ್ ಮ್ಯಾಚ್‌ಗಳು ಚಾನೆಲ್ 29, ಕೆಎಫ್‌ಎಎನಲ್ಲಿ ಪುಕ್ಸಟ್ಟೆ ಬರುತ್ತೆ, ಕೇಬಲ್ ಬೇಡ, ಅಂಗಡಿಲಿ ಸಿಗೋ ಮಾಮೂಲಿ ಆಂಟೆನಾ ಕಿಟಕಿಗೆ ಅಂಟಿಸಿದ್ರೆ ಆಯ್ತು. ನ್ಯಾಷನಲ್ ಚಾನೆಲ್‌ಗಳಿಗೆ ಹೋದ ಮ್ಯಾಚ್ ಬಿಟ್ಟು ಉಳಿದಿದ್ದೆಲ್ಲಾ ನೋಡ್ಬಹುದು. ಈ ಒಂದು ವಿಷ್ಯಕ್ಕೆ ಮ್ಯಾವ್ಸ್‌ಗೆ ಪೂರ್ತಿ ಮಾರ್ಕ್ಸ್.

ಹೋಗೋರಿಗೆ: ಲೇಕರ್ಸ್, ಸ್ಪರ್ಸ್ ಬರೋ ದಿನ ಬಿಟ್ಬಿಡಿ, ರೇಟ್ ಆಕಾಶಕ್ಕೆ ಹೋಗುತ್ತೆ. ವಾರದ ಮಧ್ಯೆ ಯಾವುದಾದ್ರೂ ಸಪ್ಪೆ ತಂಡ ಬರೋ ದಿನ ಆರಿಸ್ಕೊಳ್ಳಿ, ಫ್ಲ್ಯಾಗ್ ಅದೇ ಫ್ಲ್ಯಾಗೇ ತಾನೇ. ಮ್ಯಾಚ್ ದಿನ ಮಧ್ಯಾಹ್ನ ಗಾಯದ ಲಿಸ್ಟ್ ನೋಡಿ ಆಮೇಲೆ ಟಿಕೆಟ್ ತಗೊಳ್ಳಿ, ಸೀಸನ್ ಕೊನೇ ತಿಂಗಳಲ್ಲಿ ಸೋಲೋಕೆ ಕೂತ ತಂಡಗಳು "ರೆಸ್ಟ್" ಅಂತ ಯಾರನ್ನ ಬೇಕಾದ್ರೂ ಕೂರಿಸ್ತಾರೆ. ರೀಸೇಲ್ ಆ್ಯಪ್‌ಗಳಲ್ಲಿ ಮೊದಲು ತೋರಿಸೋ ರೇಟ್ ನಂಬ್ಬೇಡಿ, ಫೀಸ್ ಎಲ್ಲಾ ಸೇರಿಸಿ ತೋರ್ಸೋ ಬಟನ್ ಒತ್ತಿ ಆಮೇಲೆ ಹೋಲಿಸಿ. ಊಟ ಮನೇಲೇ ಮುಗಿಸ್ಕೊಂಡು ಹೋಗೋದು ವಾಸಿ, ವೆಜ್ ತಿನ್ನೋರಂತೂ ಖಂಡಿತ. ಲಾಸ್ ಕೊಲಿನಾಸ್ ಕಡೆಯವ್ರು ಕಾರು ತರೋದೇ ಬೇಡ, ಡಾರ್ಟ್ ರೈಲಿನ ಆರೆಂಜ್ ಲೈನ್ ಹತ್ತಿದ್ರೆ ವಿಕ್ಟರಿ ಸ್ಟೇಷನ್ ಅರೀನಾ ಪಕ್ಕಾನೇ. ಮಕ್ಕಳಿದ್ರೆ ಒಂದು ಗಂಟೆ ಮುಂಚೆ ಹೋಗಿ, ವಾರ್ಮಪ್ ಟೈಮಲ್ಲಿ ಫ್ಲ್ಯಾಗ್ ಒಂದೇ ಜಾಗದಿಂದ ಮತ್ತೆ ಮತ್ತೆ ತ್ರೀ ಹೊಡೆಯೋದು ನೋಡೋಕೆ ಸಿಗುತ್ತೆ, ನಮ್ಮನೆ ಹುಡುಗನಿಗೆ ಮ್ಯಾಚ್‌ಗಿಂತ ಅದೇ ಇಷ್ಟ ಆಗಿದ್ದು.

ಸ್ಟಾರ್ ಕೊಡ್ಲೇಬೇಕು ಅಂದ್ರೆ ಫ್ಲ್ಯಾಗ್‌ಗೆ ಐದಕ್ಕೆ ಐದು, ಫೆಬ್ರವರಿ ಟ್ರೇಡ್‌ಗೆ ನಾಲ್ಕು, ಸೀಸನ್ ಟಿಕೆಟ್ ರೇಟಿಗೆ ಒಂದೂವರೆ. ಆ ಅರ್ಧ ಯಾಕಂದ್ರೆ ಲೂಕಾ ಜೆರ್ಸಿ ಹಾಕ್ಕೊಂಡು ಹೋದ್ರೂ ಗೇಟಲ್ಲಿ ಯಾರೂ ಏನೂ ಅನ್ನಲ್ಲ.