ಇ-ಮೈಗ್ರೇಟ್ ಸೇವೆ: ಬೀದರ್ ಜಿಲ್ಲೆಯ ಹಳೆಯ ಬಳಕೆದಾರನೊಬ್ಬನ ವಿಮರ್ಶೆ

ದುಬೈಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಕಾಲದಿಂದ ಹಿಡಿದು, ಊರಿಗೆ ಮರಳಿ ಭಾಲ್ಕಿ, ಹುಮನಾಬಾದ್ ಕಡೆಯ ಹುಡುಗರ ಅರ್ಜಿಗಳನ್ನು ನೋಡಿಕೊಡುತ್ತಿರುವ ಈ ಹೊತ್ತಿನವರೆಗೆ, ಕೆಲಸಕ್ಕೆಂದು ವಿದೇಶಕ್ಕೆ ಹೋಗುವವರ ನೋಂದಣಿ ಮತ್ತು ಅನುಮತಿಗಾಗಿ ಇರುವ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣವನ್ನು ನಾನು ಬಳಸುತ್ತ ಬಂದಿದ್ದೇನೆ. ಕೆಲಸಗಾರ ವಿಮಾನ ಹತ್ತುವ ಮೊದಲೇ ಅವನ ಮಾಲೀಕ ಯಾರು, ಸಂಬಳ ಎಷ್ಟು, ಕರಾರಿನ ಅವಧಿ ಎಷ್ಟು ಎಂಬುದು ಸರ್ಕಾರದ ದಾಖಲೆಗೆ ಸೇರುತ್ತದೆ ಎಂಬ ಒಂದೇ ಕಾರಣಕ್ಕೆ ಇದು ಉಪಯುಕ್ತ ಸೇವೆ ಎಂದು ನಾನು ಒತ್ತಿ ಹೇಳುತ್ತೇನೆ.

1983ರ ವಲಸೆ ಕಾಯ್ದೆಯಂತೆ, ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ ಇಸಿಆರ್ (ವಲಸೆ ಪರಿಶೀಲನೆ ಅಗತ್ಯವಿರುವ) ಪಾಸ್‌ಪೋರ್ಟ್ ಸಿಗುತ್ತದೆ. ಅಂಥವರು ಸೌದಿ, ಕುವೈತ್, ಯುಎಇ ಮೊದಲಾದ ನಿಗದಿತ ದೇಶಗಳಿಗೆ ಕೆಲಸಕ್ಕೆ ಹೋಗಲು ವೀಸಾ ಇದ್ದರಷ್ಟೇ ಸಾಲದು, ಎಮಿಗ್ರೇಷನ್ ಕ್ಲಿಯರೆನ್ಸ್ (ಕೆಲಸಕ್ಕಾಗಿ ದೇಶ ಬಿಟ್ಟು ಹೋಗಲು ಸರ್ಕಾರದ ಅನುಮತಿ) ಕೂಡ ಬೇಕು. ಇದರ ಶುಲ್ಕ ಕೇವಲ 200 ರೂಪಾಯಿ. ಆದರೆ ಅಲ್ಲಿನ ಕಂಪನಿ ಮೊದಲು ಈ ಜಾಲತಾಣದಲ್ಲಿ ನೋಂದಣಿ ಮಾಡಿಕೊಂಡಿರಬೇಕಾದ್ದರಿಂದ, ವಿಳಂಬವೆಲ್ಲ ಹೆಚ್ಚಾಗಿ ಆ ಕಡೆಯಿಂದಲೇ ಆಗುತ್ತದೆ.

ಈ ವ್ಯವಸ್ಥೆಯ ಬೆಲೆ ಗೊತ್ತಾಗುವುದು ಆಫರ್ ಲೆಟರ್ ಕೈಗೆ ಬಂದಾಗ. ಪಕ್ಕದ ಮನೆಯ ಹುಡುಗನೊಬ್ಬ ಶಟರಿಂಗ್ ಕೆಲಸದವನು, ಉರ್ದು ಮಾಧ್ಯಮದಲ್ಲಿ ಎಂಟನೆಯವರೆಗೆ ಓದಿದವನು. ಏಜೆಂಟರು ಫೋನಿನಲ್ಲಿ ಅವನಿಗೆ ತಿಂಗಳಿಗೆ 1,500 ದಿರ್ಹಮ್ ಎಂದಿದ್ದರು. ಆಫರ್ ಲೆಟರಿನಲ್ಲಿ ಅರಬ್ಬಿ, ಇಂಗ್ಲಿಷ್ ಜೊತೆಗೆ ಉರ್ದು ಪಠ್ಯವೂ ಇದ್ದುದರಿಂದ ಅವನೇ ಸಾಲು ಸಾಲಾಗಿ ಓದಿ, "ಕಾಕಾ, ಬೇಸಿಕ್ ಒಂಬತ್ನೂರೇ ಬರದಾರಲ್ರಿ, ಉಳದ ರೊಕ್ಕ ಎಲ್ಲದ?" ಎಂದು ಕೇಳಿದ. ಉಳಿದ ಮೊತ್ತವನ್ನು ಊಟ ಮತ್ತು ಓವರ್‌ಟೈಮ್ ಎಂದು ತೋರಿಸಲಾಗಿತ್ತು. ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯನ್ನು ಮೊದಲ ಐದು ವರ್ಷಗಳಿಗೆ, ವರ್ಷಕ್ಕೆ 21 ದಿನಗಳ ಮೂಲ ವೇತನದಂತೆ ಲೆಕ್ಕ ಹಾಕುತ್ತಾರೆ. ಬೇಸಿಕ್ ಕಡಿಮೆಯಾದಷ್ಟೂ ಆ ಹಣವೂ ಕಡಿಮೆಯಾಗುತ್ತದೆ. ಸಹಿ ಹಾಕುವ ಮೊದಲೇ ತಕರಾರು ಎತ್ತಿದ್ದರಿಂದ ಬೇಸಿಕ್ ಹೆಚ್ಚಿಸಿದ ಹೊಸ ಪತ್ರ ಬಂತು. ಅಲ್ಲಿಗೆ ತಲುಪಿದ ಮೇಲೆ ಇದೇ ಮಾತನ್ನು ಕೇಳುವ ಧೈರ್ಯ ಹೊಸಬನಿಗೆ ಎಲ್ಲಿಂದ ಬರಬೇಕು?

ಏಜೆಂಟರ ಲೈಸೆನ್ಸ್ ಸಂಖ್ಯೆಯನ್ನು ಇದೇ ಜಾಲತಾಣದಲ್ಲಿ ಪರಿಶೀಲಿಸಬಹುದು. ನೋಂದಣಿಯಿಲ್ಲದವರ ಪಟ್ಟಿಯೂ ಅಲ್ಲಿದೆ. ನೋಂದಾಯಿತ ಏಜೆಂಟರು ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಹೊಲ ಒತ್ತೆಯಿಟ್ಟು ಲಕ್ಷಗಟ್ಟಲೆ ಕೊಡುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಇನ್ನು "ವಿಸಿಟ್ ವೀಸಾದ ಮೇಲೆ ಹೋಗು, ಆಮೇಲೆ ನೋಡೋಣ" ಎನ್ನುವವರ ಮಾತನ್ನು ಎಂದಿಗೂ ಕೇಳಬಾರದು. ವಿಸಿಟ್ ವೀಸಾದಲ್ಲಿ ದುಡಿಯುವುದು ಯುಎಇಯಲ್ಲಿ ಅಪರಾಧ, ಮತ್ತು ಹಾಗೆ ಹೋದವನ ಕರಾರು ಇಲ್ಲಿ ಯಾವ ದಾಖಲೆಯಲ್ಲೂ ಇರುವುದಿಲ್ಲ.

ನನ್ನ ಮುಖ್ಯ ಆಕ್ಷೇಪವೆಂದರೆ, ಎಸ್ಸೆಸ್ಸೆಲ್ಸಿ ಪಾಸಾದವರು ಈ ರಕ್ಷಣೆಯ ಹೊರಗೇ ಉಳಿಯುತ್ತಾರೆ. ಅವರಿಗೆ ಕ್ಲಿಯರೆನ್ಸ್ ಬೇಕಿಲ್ಲ, ನೋಂದಣಿಯೂ ಅವರ ಇಚ್ಛೆಗೆ ಬಿಟ್ಟದ್ದು. ನಮ್ಮ ಭಾಗದ ಐಟಿಐ ಓದಿದ ವೆಲ್ಡರ್‌ಗಳು, ಫಿಟ್ಟರ್‌ಗಳು ಹೆಚ್ಚಾಗಿ ಈ ಗುಂಪಿನವರೇ. ಅವರಿಗೂ ಸ್ವಇಚ್ಛೆಯಿಂದ ಹೆಸರು ನೋಂದಾಯಿಸಿಕೊಂಡೇ ಹೊರಡಿ ಎಂದು ಹೇಳುತ್ತೇನೆ. ಪ್ರಮಾಣಪತ್ರಗಳ ಅಟೆಸ್ಟೇಷನ್ (ದೃಢೀಕರಣ) ಕೂಡ ಈ ಸೇವೆಯಲ್ಲಿ ಸೇರಿಲ್ಲ. ಯುಎಇಗೆ ಅಪೋಸ್ಟಿಲ್ (ಹಲವು ದೇಶಗಳು ಒಪ್ಪುವ ಒಂದೇ ದೃಢೀಕರಣ ಮುದ್ರೆ) ನಡೆಯುವುದಿಲ್ಲವಾದ್ದರಿಂದ ಆ ದೇಶದ ರಾಯಭಾರ ಕಚೇರಿಯವರೆಗೂ ಕಾಗದಗಳನ್ನು ಬೇರೆಯಾಗಿಯೇ ಕಳುಹಿಸಬೇಕು. 2024ರ ಅಕ್ಟೋಬರ್‌ನಲ್ಲಿ ಹೊಸ ಆವೃತ್ತಿಯ ಜೊತೆಗೆ ಮೊಬೈಲ್ ಆ್ಯಪ್ ಬಂದದ್ದರಿಂದ, ಅರ್ಜಿ ಎಲ್ಲಿಯವರೆಗೆ ಬಂದಿದೆ ಎಂದು ನೋಡುವುದು ಮೊದಲಿಗಿಂತ ಸುಲಭವಾಗಿದೆ.

ಇಸಿಆರ್ ಪಾಸ್‌ಪೋರ್ಟಿನವರಿಗೆ ಕಡ್ಡಾಯವಾಗಿರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯು ಅಪಘಾತದ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡುತ್ತದೆ. ಕಂತು ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ. ಕರಾರು ಮುಂದುವರಿದರೂ ಪಾಲಿಸಿ ತಾನಾಗಿ ಮುಂದುವರಿಯುವುದಿಲ್ಲ. ಅಲ್ಲಿದ್ದುಕೊಂಡೇ ಆನ್‌ಲೈನ್‌ನಲ್ಲಿ ನವೀಕರಿಸಬಹುದು. ನಾಮಿನಿ ಹೆಸರು ಸರಿಯಾಗಿದೆಯೇ ಎಂದು ನೋಡಿಕೊಂಡು, ಪಾಲಿಸಿಯ ಒಂದು ಪ್ರತಿಯನ್ನು ಮನೆಯವರ ಕೈಯಲ್ಲಿ ಕೊಟ್ಟು ಹೋಗಬೇಕು.