ನೈಟ್ರೇಟ್ ಕಿಟ್: ಪುಡಿ ಚೆನ್ನಾಗಿದೆ, ಕಾರ್ಡೇ ಸರಿಯಿಲ್ಲ

ಪಿಯು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ 19 ವರ್ಷದಿಂದ ಅಟೆಂಡರ್ ಆಗಿದ್ದೇನೆ. ನೈಟ್ರೇಟ್ ಇದ್ದರೆ ಕಂದು ಉಂಗುರ ಬರುವ ಬ್ರೌನ್ ರಿಂಗ್ ಟೆಸ್ಟಿಗೆ ಫೆರಸ್ ಸಲ್ಫೇಟ್ ಆವತ್ತಿಂದಾವತ್ತೇ ಕರಗಿಸಿಡುವುದು ನನ್ನ ಕೆಲಸ. ಹಳೆಯದಾದರೆ ಉಂಗುರ ಸರಿಯಾಗಿ ಬರುವುದಿಲ್ಲ, ಮಕ್ಕಳು ನನ್ನ ಮುಖ ನೋಡುತ್ತಾರೆ. ಹಾಗಾಗಿ ಕಿಟ್ ಅಂದಕೂಡಲೇ ಸುಮ್ನೆ ನಂಬುವ ಪೈಕಿ ಅಲ್ಲ ನಾನು.

ನೀರಲ್ಲಿ ನೈಟ್ರೇಟ್ ಎಷ್ಟಿದೆ ಅಂತ ನೋಡುವ ಈ ಕಿಟ್ ತರಿಸಿದ್ದು ಮೊಮ್ಮಗನಿಗಾಗಿ. ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಎದೆಹಾಲು ಸಾಲದೆ ಪುಡಿ ಹಾಲು ಕಲಸುತ್ತೇವೆ. ಚಿಂತಾಮಣಿ ಹತ್ತಿರದ ನಮ್ಮೂರಲ್ಲಿ ಬೋರ್‌ವೆಲ್ ನೀರೇ ಗತಿ. ಬೋರ್‌ವೆಲ್ ಪಕ್ಕದಲ್ಲೇ ತಿಪ್ಪೆ ಬೇರೆ, ಅದರಿಂದ ನೈಟ್ರೇಟ್ ನೀರಿಗೆ ಇಳಿಯುತ್ತದೆ. "ಕುದಿಸ್ತೀವಲ್ಲಮ್ಮ, ಸಾಕು ಬಿಡು" ಅಂದಳು ಮಗಳು. ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಎಲ್ಲಿಗೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಜಾಸ್ತಿಯೇ ಆಗುತ್ತದೆ. ಎಳೆ ಮಗುವಿನ ಹೊಟ್ಟೆಯಲ್ಲಿ ಅದು ನೈಟ್ರೈಟ್ ಆದರೆ ರಕ್ತ ಆಮ್ಲಜನಕ ಹೊರುವುದನ್ನೇ ಬಿಡುತ್ತದೆ, ಮೈ ನೀಲಿಗಟ್ಟುತ್ತದೆ.

640 ರೂಪಾಯಿ. ಎರಡು ಟ್ಯೂಬು, ಎರಡು ಪುಡಿ ಡಬ್ಬಿ (ನೈಟ್ರೈಟಿಗೊಂದು, ನೈಟ್ರೇಟಿಗೊಂದು), ಒಂದು ಪುಟ್ಟ ಚಮಚ, ಒಂದು ಬಣ್ಣದ ಕಾರ್ಡು. ಮೊದಲು ನೈಟ್ರೈಟ್ ಪುಡಿ ಹಾಕಿದೆ. ನೈಟ್ರೈಟ್ ಇದ್ದರೆ ಗುಲಾಬಿ ಬರಬೇಕು. ನಮ್ಮ ನೀರಿಗೆ ಏನೂ ಬರಲಿಲ್ಲ. ನೀರು ಒಳ್ಳೆಯದೋ, ಪುಡಿಯೇ ಸತ್ತಿದೆಯೋ? ಇನ್ನೊಂದು ಟ್ಯೂಬಿನ ನೀರಿಗೆ ಸ್ವಲ್ಪ ಉಗುಳಿ ಅದೇ ಪುಡಿ ಹಾಕಿದೆ. ಎಂಜಲಿನಲ್ಲಿ ನೈಟ್ರೈಟ್ ಇದ್ದೇ ಇರುತ್ತದೆ. ಎರಡೇ ನಿಮಿಷದಲ್ಲಿ ನೀರು ಗುಲಾಬಿಯಾಯಿತು. "ಛೀ ಅಮ್ಮ!" ಅಂದಳು ಮಗಳು. ಪುಡಿಗೆ ಪೂರ್ತಿ ಮಾರ್ಕ್ಸ್.

ನೈಟ್ರೇಟ್ ಪುಡಿಯಲ್ಲಿ ಜಿಂಕ್ ಇದೆ. ಅದು ನೈಟ್ರೇಟನ್ನು ನೈಟ್ರೈಟ್ ಮಾಡಿ ಅದೇ ಗುಲಾಬಿ ತರಿಸುತ್ತದೆ. ಅಂದರೆ ನೀರಲ್ಲಿ ಮೊದಲೇ ನೈಟ್ರೈಟ್ ಇದ್ದರೆ ಅದೂ ಈ ಬಣ್ಣಕ್ಕೆ ಸೇರಿಕೊಳ್ಳುತ್ತದೆ. ಅದಕ್ಕೇ ನೈಟ್ರೈಟ್ ಟೆಸ್ಟ್ ಮೊದಲು ಮಾಡಬೇಕು. ಬ್ರೌನ್ ರಿಂಗ್‌ನಲ್ಲೂ ಇದೇ ರಗಳೆ. ನೈಟ್ರೈಟೂ ಕಂದು ಬಣ್ಣ ಕೊಡುತ್ತದೆ, ಯೂರಿಯಾ, ಆಸಿಡ್ ಹಾಕಿ ಅದನ್ನು ಮೊದಲು ಓಡಿಸಬೇಕು. ಟ್ಯೂಬನ್ನು ಪೂರ್ತಿ ಒಂದು ನಿಮಿಷ ಕುಲುಕಿ. ನನ್ನ ಮಗ 20 ಸೆಕೆಂಡಿಗೆ ಕೈ ಬಿಟ್ಟ, ಬಣ್ಣ ಅರ್ಧಕ್ಕರ್ಧ ತಿಳಿಯಾಗಿ ಬಂತು. ಒದ್ದೆ ಚಮಚ ಡಬ್ಬಿಗೆ ಹಾಕಬೇಡಿ, ಪುಡಿ ಗಂಟು ಕಟ್ಟುತ್ತದೆ.

ಈಗ ನನ್ನ ಸಿಟ್ಟಿನ ವಿಷಯ. ಕಾರ್ಡಿನಲ್ಲಿ 0, 5, 10, 25, 50 ಅಂತಷ್ಟೇ ಇದೆ. ನಮ್ಮ ನೀರು 10ಕ್ಕೂ 25ಕ್ಕೂ ನಡುವೆ ಬಂತು. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್. ಹಾಗಾದರೆ ಪಾಸ್, ಅಲ್ವಾ? ನಾನೂ ಖುಷಿಯಾದೆ. ಆದರೆ ಈ ಅಂಕಿ ನೈಟ್ರೇಟಿನದೋ, ಅದರೊಳಗಿನ ನೈಟ್ರೋಜನ್ನಿನದೋ? ಎಲ್ಲೂ ಬರೆದಿಲ್ಲ. ಮಾರಿದವರನ್ನು ಕೇಳಿದರೆ "ಒಳಗಿರುವ ಚೀಟಿ ಓದಿ ಮೇಡಂ" ಅಂದರು. ಚೀಟಿ ಪೂರ್ತಿ ಇಂಗ್ಲಿಷು, ಅಕ್ಷರ ಸಾಸಿವೆಯಷ್ಟು, ಅದರಲ್ಲೂ ಇಲ್ಲ.

ನಮ್ಮ ಲೆಕ್ಚರರ್ ಮೇಡಂ ಲೆಕ್ಕ ಹಾಕಿಕೊಟ್ಟರು. 1.63 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ತೂಗಿ ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ ಒಂದು ಲೀಟರ್ ಮಾಡಿದೆ. ಅದರಲ್ಲಿ 100 ಎಂಎಲ್ ತೆಗೆದು ಮತ್ತೆ ಒಂದು ಲೀಟರಿಗೆ ಏರಿಸಿದೆ. ಈಗ ಅದರಲ್ಲಿರುವುದು ಸರಿಯಾಗಿ 100 ಮಿಲಿಗ್ರಾಂ ನೈಟ್ರೇಟ್. ಕಿಟ್ ಹಾಕಿದರೆ ಬಣ್ಣ 25ರ ಹತ್ತಿರ ನಿಂತಿತು! "ಕಾರ್ಡು ನೈಟ್ರೋಜನ್ ಲೆಕ್ಕದ್ದು ಕಣ್ರೀ, ನೈಟ್ರೇಟ್ ಲೆಕ್ಕ ಬೇಕಾದರೆ 4.43ರಿಂದ ಗುಣಿಸಿ" ಅಂದರು ಮೇಡಂ. ನಮ್ಮನೆ ನೀರು 15 ಅಂದುಕೊಂಡರೂ 66 ಆಯಿತು. ಪಾಸ್ ಅಲ್ಲ, ಫೇಲ್.

ಮಗುವಿಗೆ ಈಗ ಊರಿನ ಆರ್‌ಓ ಘಟಕದ ಕ್ಯಾನ್ ನೀರು. ಅದನ್ನೂ ಟೆಸ್ಟ್ ಮಾಡಿದೆ, ಬಣ್ಣ ಕಂಡೂ ಕಾಣದ ಹಾಗಿತ್ತು.

ಪುಡಿಗೆ 5 ಸ್ಟಾರ್, ಕಾರ್ಡಿಗೆ 1. ಒಟ್ಟು 3 ಕೊಟ್ಟಿದ್ದೇನೆ. ಈಗಾಗಲೇ ತರಿಸಿದ್ದರೆ ಬಾಲ್‌ಪೆನ್ನಲ್ಲಿ 5ರ ಪಕ್ಕ 22, 10ರ ಪಕ್ಕ 44, 25ರ ಪಕ್ಕ 111 ಅಂತ ಬರೆದುಕೊಳ್ಳಿ. ನನ್ನ ಕಾರ್ಡಿಗೆ ಹಾಗೆ ಬರೆದು ಮೇಲೆ ಸೆಲ್ಲೋಟೇಪ್ ಅಂಟಿಸಿದ್ದೇನೆ.