ಗುಡ್‌ರೀಡ್ಸ್: ಕನ್ನಡ ಓದುಗರಿಗೆ ಎಷ್ಟು ಉಪಯೋಗ?

ಈಗ ಏನು ಓದುತ್ತಿದ್ದೇವೆ ಎಂದು ಗೆಳೆಯರಿಗೆ ತಿಳಿಸಲು, ಓದುಗರು ಪುಸ್ತಕಗಳಿಗೆ ರೇಟಿಂಗ್, ವಿಮರ್ಶೆ ಕೊಡುವ ಜಾಲತಾಣ ಗುಡ್‌ರೀಡ್ಸ್ ಚೆನ್ನಾಗಿದೆ. ಮುಂದೆ ಯಾವ ಕನ್ನಡ ಪುಸ್ತಕ ಓದಬೇಕು ಎಂದು ಅದನ್ನೇ ಕೇಳಿದರೆ ಮಾತ್ರ ಉತ್ತರ ಸಪ್ಪೆ. 2007ರಲ್ಲಿ ಶುರುವಾಗಿ 2013ರಲ್ಲಿ ಅಮೆಜಾನ್ ಪಾಲಾದ ಈ ತಾಣದಲ್ಲಿ ಇಂಗ್ಲಿಷ್ ಪುಸ್ತಕಗಳದ್ದೇ ರಾಶಿ. ಶಿಫಾರಸು ಓದುಗರು ಕೊಟ್ಟ ರೇಟಿಂಗ್ ಮೇಲೆ ನಿಂತಿರುವುದರಿಂದ, ಕಡಿಮೆ ಜನ ರೇಟಿಂಗ್ ಕೊಟ್ಟ ಕನ್ನಡ ಪುಸ್ತಕ ಎಷ್ಟೇ ಒಳ್ಳೆಯದಿದ್ದರೂ ಮೇಲೆ ಬರುವುದು ಕಷ್ಟ.

ಮೊದಲ ತೊಡಕು ಹುಡುಕಾಟದ್ದು. ಒಂದೇ ಕೃತಿ ಕನ್ನಡ ಲಿಪಿಯಲ್ಲೊಮ್ಮೆ, ಇಂಗ್ಲಿಷ್ ಅಕ್ಷರಗಳಲ್ಲಿ ಇನ್ನೊಮ್ಮೆ ದಾಖಲಾಗಿರುತ್ತದೆ. ತೇಜಸ್ವಿ ಹೆಸರನ್ನು ಒಬ್ಬರು ‘ವಿ’ ಹಾಕಿ, ಇನ್ನೊಬ್ಬರು ‘ಡಬ್ಲ್ಯೂ’ ಹಾಕಿ ಬರೆಯುತ್ತಾರೆ. ಹಾಗಾಗಿ ಎರಡೂ ಲಿಪಿಯಲ್ಲಿ ಹುಡುಕಿ, ಹೆಚ್ಚು ರೇಟಿಂಗ್ ಇರುವ ದಾಖಲೆಯನ್ನೇ ನಿಮ್ಮ ಶೆಲ್ಫಿಗೆ, ಅಂದರೆ ತಾಣದಲ್ಲಿನ ನಿಮ್ಮ ಪುಸ್ತಕಪಟ್ಟಿಗೆ, ಸೇರಿಸಿ. ಇಲ್ಲದಿದ್ದರೆ ನಿಮ್ಮ ವಿಮರ್ಶೆ ಯಾರೂ ನೋಡದ ನಕಲು ಪುಟದಲ್ಲಿ ಉಳಿದುಬಿಡುತ್ತದೆ. ಹಿಂಬದಿಯಲ್ಲಿ 978-81 ಅಥವಾ 978-93ರಿಂದ ಶುರುವಾಗುವ ಐಎಸ್‌ಬಿಎನ್ (ಪುಸ್ತಕದ ಗುರುತು ಸಂಖ್ಯೆ) ಬಾರ್‌ಕೋಡ್ ಇದ್ದರೆ ಆ್ಯಪ್‌ನಲ್ಲೇ ಸ್ಕ್ಯಾನ್ ಮಾಡಿ ನೋಡಬಹುದು. ಹಳೆಯ ಮುದ್ರಣಗಳಲ್ಲಿ ಬಾರ್‌ಕೋಡ್ ಇರುವುದಿಲ್ಲ, ಅವುಗಳನ್ನು ಹೆಸರಿನಿಂದಲೇ ಹುಡುಕಬೇಕು. ದಾಖಲೆಯಲ್ಲಿ ಪುಟಸಂಖ್ಯೆ ಇದೆಯೇ ನೋಡಿ, ಅದಿಲ್ಲದೆ ಓದಿದ ಪುಟದಿಂದ ಶೇಕಡಾವಾರು ಲೆಕ್ಕ ಬರುವುದಿಲ್ಲ. ಗೆಳೆಯರ ಜೊತೆ ಒಂದೇ ಕಾದಂಬರಿ ಓದುವಾಗ ಪುಟಕ್ಕಿಂತ ಶೇಕಡಾವಾರು ಹಾಕುವುದೇ ಸರಿ, ಏಕೆಂದರೆ ಮುದ್ರಣ ಬದಲಾದರೆ ಪುಟವೂ ಬದಲಾಗುತ್ತದೆ.

ಇನ್ನು ಮುಂದಿನ ಪುಸ್ತಕ ಆರಿಸುವ ವಿಷಯ. ಸರಾಸರಿ 4.6 ಎಂದು ಕಂಡ ಕೂಡಲೇ ಕೊಳ್ಳಬೇಡಿ, ಪಕ್ಕದಲ್ಲಿ ಎಷ್ಟು ಜನರ ರೇಟಿಂಗ್ ಎಂದು ನೋಡಿ. ಹದಿನೈದು ಇಪ್ಪತ್ತು ಜನರ ಸರಾಸರಿ ಲೇಖಕರ ಅಭಿಮಾನಿಗಳದ್ದಷ್ಟೇ ಇರಬಹುದು. ಮೂರು ನಕ್ಷತ್ರದ ವಿಮರ್ಶೆಗಳನ್ನು ಮೊದಲು ಓದಿ. ಹಿಡಿಸಿದ್ದೇನು, ಎಲ್ಲಿ ಎಳೆದಂತಾಯಿತು ಎಂಬುದೆರಡೂ ಅಲ್ಲೇ ಸಿಗುವುದು ಹೆಚ್ಚು. ಇದಕ್ಕಿಂತಲೂ ನಂಬಬಹುದಾದ ದಾರಿಯೊಂದಿದೆ: ನಿಮಗೆ ತುಂಬಾ ಇಷ್ಟವಾದ ಮೂರು ನಾಲ್ಕು ಪುಸ್ತಕಗಳಿಗೆ ಒಳ್ಳೆಯ ವಿಮರ್ಶೆ ಬರೆದವರನ್ನು ಹುಡುಕಿ, ಅವರ ಶೆಲ್ಫ್ ತೆರೆಯಿರಿ. ಅಭಿರುಚಿ ಕೂಡುವ ಒಬ್ಬ ಓದುಗ ಸಿಕ್ಕರೆ ವರ್ಷಕ್ಕಾಗುವಷ್ಟು ಪುಸ್ತಕ ಸಿಕ್ಕಂತೆ.

ಅರ್ಧ ನಕ್ಷತ್ರ ಕೊಡಲಾಗದಿರುವುದು ನಿಜಕ್ಕೂ ಕೊರತೆಯೇ. ಮೂರೂವರೆ ಅನ್ನಿಸಿದ್ದಕ್ಕೆ ಮೂರೋ ನಾಲ್ಕೋ ಹಾಕಬೇಕು. ಇದೇ ಬಗೆಯ ಇನ್ನೊಂದು ತಾಣವಾದ ಸ್ಟೋರಿಗ್ರಾಫ್‌ನಲ್ಲಿ ಕಾಲು ನಕ್ಷತ್ರದವರೆಗೂ ಅವಕಾಶವಿದೆ, ಪುಸ್ತಕದ ವೇಗ, ಭಾವ ನೋಡಿಯೂ ಹುಡುಕಬಹುದು. ಅಲ್ಲಿಗೆ ಹೋಗುವುದಾದರೆ ಕಂಪ್ಯೂಟರಿನಲ್ಲಿ ಗುಡ್‌ರೀಡ್ಸ್ ತೆರೆದು ನಿಮ್ಮ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಎಕ್ಸ್‌ಪೋರ್ಟ್ ಮಾಡಿ ಹಾಗೆಯೇ ಅಪ್‌ಲೋಡ್ ಮಾಡಿ. ನಡುವೆ ಅದನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದು ಸೇವ್ ಮಾಡಿದರೆ ಕನ್ನಡ ಅಕ್ಷರಗಳು ಕೆಡಬಹುದು. ನೋಡಲೇಬೇಕಿದ್ದರೆ ಗೂಗಲ್ ಶೀಟ್ಸ್‌ನಲ್ಲಿ ತೆರೆಯಿರಿ.